ಯುವಜನರು ಮತ್ತು ಹೊಸ ಸ್ಪೋರ್ಟ್ಸ್ ಕಾರು : ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಆನೆಯನ್ನು ಕೊಳ್ಳುವುದಕ್ಕಿಂತ ಸಾಕುವುದು ಕಷ್ಟವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆನೆಯ ಜಾಗಕ್ಕೆ ಇಂದು ಮೋಟಾರು ವಾಹನ ಬಂದಿದೆ; ಮಾತಿನ ಸತ್ಯ ಮಾತ್ರ ಹಾಗೆಯೇ ಉಳಿದಿದೆ. ಅಹಮದಾಬಾದಿನ ಪಶ್ಚಿಮಕ್ಕಿರುವ ಬೋಪಾಲ್ (ಮಧ್ಯಪ್ರದೇಶದ ಭೋಪಾಲವಲ್ಲ) ಒಂದು ಕಾಲಕ್ಕೆ ಹೊಲಗಳ ನಡುವಣ ಹಳ್ಳಿಯಾಗಿದ್ದು, 2020ರಲ್ಲಿ ಅಹಮದಾಬಾದ್ ಮಹಾನಗರಪಾಲಿಕೆಯಲ್ಲಿ ವಿಲೀನವಾಯಿತು. ಅದರ ಪಕ್ಕದಲ್ಲೇ ನಗರವನ್ನು ಬಳಸಿ ಹೋಗುವ, ಸುಮಾರು 76 ಕಿ.ಮೀ. ಉದ್ದದ ಸರ್ದಾರ್ ಪಟೇಲ್ ವರ್ತುಲ ರಸ್ತೆ ಇದೆ. ಕಾರುಗಳ ಕಾರ್ಖಾನೆಗಳಿಗೆ ಹೆಸರಾದ ಸಾಣಂದ್ ಕೂಡ ದೂರವಿಲ್ಲ. ಅಗಲವಾದ ರಸ್ತೆ, ಎತ್ತರದ ವಸತಿ ಸಮುಚ್ಚಯ, ಕೈತುಂಬ ಸಂಬಳ ಇವು ಮೂರೂ ಒಂದೆಡೆ ಕೂಡಿದಲ್ಲಿ ಯುವಜನರ ದೃಷ್ಟಿ ಸ್ಪೋರ್ಟ್ಸ್ ಕಾರಿನ ಕಡೆಗೆ ಹರಿಯುವುದು ಸಹಜವೇ. ಉದ್ಯೋಗದ ನಿಮಿತ್ತ ಗುಜರಾತಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಇದಕ್ಕೆ ಹೊರತಲ್ಲ.

ಈ ಆಸೆ ತಪ್ಪೇ, ಒಪ್ಪೇ ಎಂದು ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ಅಂಥ ಕಾರಿನ ನಿಜವಾದ ವೆಚ್ಚವೆಷ್ಟು, ಆ ವೆಚ್ಚವನ್ನು ಯಾರು ಯಾರು ಭರಿಸುತ್ತಾರೆ, ಕೊಳ್ಳುವುದಾದರೆ ಯಾವಾಗ ಕೊಳ್ಳಬೇಕು ಎಂಬ ಮೂರು ಪ್ರಶ್ನೆಗಳನ್ನಷ್ಟೇ ಇಲ್ಲಿ ವಿವೇಚಿಸಲಾಗಿದೆ.

ಆಕರ್ಷಣೆಯ ಸ್ವರೂಪ

ಸ್ಪೋರ್ಟ್ಸ್ ಕಾರೆಂದರೆ ಕೇವಲ ದುಬಾರಿ ಕಾರಲ್ಲ. ನೆಲಕ್ಕೆ ಸಮೀಪವಾದ ದೇಹ, ತೂಕಕ್ಕೆ ಹೋಲಿಸಿದರೆ ಬಲಿಷ್ಠವಾದ ಎಂಜಿನ್, ಬಿಗಿಯಾದ ಸ್ಟಿಯರಿಂಗ್, ತಿರುವಿನಲ್ಲಿ ನೆಲವನ್ನು ಬಿಡದ ಚಕ್ರಗಳು ಇದರ ಲಕ್ಷಣಗಳು. ಯಂತ್ರಶಿಲ್ಪದ ದೃಷ್ಟಿಯಿಂದ ಇದೊಂದು ಸುಂದರ ವಸ್ತು ಎಂಬುದನ್ನು ಅಲ್ಲಗಳೆಯಲಾಗದು. ಹಗಲಿರುಳು ದುಡಿದ ತರುಣನೋ ತರುಣಿಯೋ ತನ್ನ ಶ್ರಮದ ಫಲವನ್ನು ಇಂಥದೊಂದು ವಸ್ತುವಿನಲ್ಲಿ ಕಾಣಲು ಬಯಸಿದರೆ ಅದನ್ನು ದುಂದು ಎಂದು ಜರೆಯುವುದೂ ನ್ಯಾಯವಲ್ಲ. ಹಿಂದಿನ ತಲೆಮಾರಿನವರು ತಮ್ಮ ಮೊದಲ ಸ್ಕೂಟರಿಗೆ ಹೂವಿನ ಹಾರ ಹಾಕಿ, ನಿಂಬೆಹಣ್ಣನ್ನು ಚಕ್ರದಡಿ ಇಟ್ಟಾಗ ಪಟ್ಟ ಸಂತೋಷವೂ ಇದೇ ಜಾತಿಯದು.

ಆದರೆ ಸ್ಕೂಟರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಸ್ಕೂಟರು ಯಾವ ಕೆಲಸಕ್ಕೆಂದು ಮಾರಾಟವಾಯಿತೋ ಆ ಕೆಲಸಕ್ಕೆ ನಿತ್ಯವೂ ಬಳಕೆಯಾಯಿತು. ಸ್ಪೋರ್ಟ್ಸ್ ಕಾರು ಯಾವ ಗುಣಕ್ಕಾಗಿ ಮಾರಾಟವಾಗುತ್ತದೆಯೋ ಆ ಗುಣವನ್ನು, ಅಂದರೆ ವೇಗವನ್ನು, ಸಾರ್ವಜನಿಕ ರಸ್ತೆಯಲ್ಲಿ ಬಳಸುವಂತೆಯೇ ಇಲ್ಲ. ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿಯೂ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ ಇದೆ, ಆ ವೇಗವನ್ನು ಸಾಧಾರಣ ಕುಟುಂಬದ ಕಾರೂ ಮುಟ್ಟಬಲ್ಲುದು. ಬೋಪಾಲದಿಂದ ಇಸ್ಕಾನ್ ವೃತ್ತಕ್ಕೆ ಹೋಗುವ ಅಂಬಲಿ ರಸ್ತೆಯಲ್ಲಿ ಸಂಜೆಯ ಹೊತ್ತು ಎಲ್ಲ ಕಾರುಗಳದೂ ಒಂದೇ ನಡಿಗೆ.

ಹಣದ ಲೆಕ್ಕ

ಲೆಕ್ಕ ಸ್ಪಷ್ಟವಾಗಲೆಂದು ಶೋರೂಮಿನಲ್ಲಿ 50 ಲಕ್ಷ ರೂಪಾಯಿ ಬೆಲೆಯ ಒಂದು ಪೆಟ್ರೋಲ್ ಕಾರನ್ನು ಕಲ್ಪಿಸಿಕೊಳ್ಳೋಣ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಂಜಿನ್ನಿನ ಕಾರುಗಳಿಗೆ ಸರಕು ಮತ್ತು ಸೇವಾ ತೆರಿಗೆ ಶೇಕಡಾ 40. ಆದ್ದರಿಂದ ಈ 50 ಲಕ್ಷದಲ್ಲಿ ಸುಮಾರು 14 ಲಕ್ಷ 29 ಸಾವಿರ ರೂಪಾಯಿ ತೆರಿಗೆಯೇ ಆಗಿರುತ್ತದೆ. ರಾಜ್ಯದ ರಸ್ತೆ ತೆರಿಗೆ, ನೋಂದಣಿ ಹಾಗೂ ವಿಮೆಯ ಹಣ ಇದರ ಮೇಲೆ ಪ್ರತ್ಯೇಕ.

ಕೊಳ್ಳುವವನು 10 ಲಕ್ಷವನ್ನು ಕೈಯಿಂದ ಹಾಕಿ ಉಳಿದ 40 ಲಕ್ಷವನ್ನು ಶೇಕಡಾ 9ರ ಬಡ್ಡಿಯಲ್ಲಿ 7 ವರ್ಷದ ಅವಧಿಗೆ ಸಾಲ ಪಡೆದನೆನ್ನೋಣ. ಮಾಸಿಕ ಕಂತು ಸುಮಾರು 64,356 ರೂಪಾಯಿ. 84 ಕಂತುಗಳಲ್ಲಿ ಅವನು ಕಟ್ಟುವ ಒಟ್ಟು ಮೊತ್ತ 54 ಲಕ್ಷಕ್ಕೂ ಮೇಲು. ಅದರಲ್ಲಿ ಬಡ್ಡಿಯೇ 14 ಲಕ್ಷಕ್ಕೂ ಮೇಲು. ಕೈಗೆ ಒಂದೂವರೆ ಲಕ್ಷ ಸಂಬಳ ಬರುವವನಿಗೂ ಈ ಕಂತೊಂದೇ ಆದಾಯದ ಶೇಕಡಾ 43ನ್ನು ನುಂಗುತ್ತದೆ. ಮನೆಬಾಡಿಗೆ, ಊರಿಗೆ ಕಳಿಸುವ ಹಣ, ಪೆಟ್ರೋಲು, ಟೈರು, ಸರ್ವಿಸು ಇವೆಲ್ಲಕ್ಕೂ ಉಳಿದ ಶೇಕಡಾ 57ರಲ್ಲೇ ದಾರಿ ಹುಡುಕಬೇಕು.

ಸಾಲ ನಿಧಾನವಾಗಿ ಇಳಿಯುತ್ತದೆ. ಕಾರಿನ ಮೌಲ್ಯ ಬೇಗ ಇಳಿಯುತ್ತದೆ. ವಾಹನ ವಿಮೆಯಲ್ಲಿ ಸಾಮಾನ್ಯವಾಗಿ ಅನುಸರಿಸುತ್ತ ಬಂದಿರುವ ಸವಕಳಿಯ ಪಟ್ಟಿಯಂತೆ ಮೊದಲ ಆರು ತಿಂಗಳಲ್ಲೇ ಶೇಕಡಾ 5, ಒಂದು ವರ್ಷದೊಳಗೆ 15, ಎರಡನೆಯ ವರ್ಷದಲ್ಲಿ 20, ಮೂರನೆಯ ವರ್ಷದಲ್ಲಿ 30, ನಾಲ್ಕನೆಯದರಲ್ಲಿ 40, ಐದನೆಯದರಲ್ಲಿ 50ರಷ್ಟು ಮೌಲ್ಯ ಕಳೆಯಲಾಗುತ್ತದೆ. ಮಾರುಕಟ್ಟೆಯ ಬೆಲೆ ಇದಕ್ಕಿಂತ ಸ್ವಲ್ಪ ಹೆಚ್ಚೋ ಕಡಿಮೆಯೋ ಇರಬಹುದು. ಅಂದಾಜಿಗೆ ಈ ಪಟ್ಟಿ ಸಾಕು.

ಈಗ ಒಂದು ವರ್ಷದ ನಂತರ ಆ ತರುಣನಿಗೆ ನೌಕರಿ ಹೋಯಿತು, ಅಥವಾ ಊರಿನಲ್ಲಿ ತಾಯಿಯ ಶಸ್ತ್ರಚಿಕಿತ್ಸೆಗೆ ಹಣ ಬೇಕಾಯಿತು, ಕಾರನ್ನು ಮಾರಿದ ಎಂದಿಟ್ಟುಕೊಳ್ಳೋಣ. ಅಷ್ಟರಲ್ಲಿ ಅವನು ಕೊಟ್ಟಿರುವುದು ಮುಂಗಡ 10 ಲಕ್ಷ, 12 ಕಂತುಗಳಲ್ಲಿ 7 ಲಕ್ಷ 72 ಸಾವಿರ, ಒಟ್ಟು 17 ಲಕ್ಷ 72 ಸಾವಿರ. ಕಾರು 40 ಲಕ್ಷಕ್ಕೆ ಮಾರಾಟವಾದರೂ ಬ್ಯಾಂಕಿನ ಬಾಕಿ ಸುಮಾರು 35 ಲಕ್ಷ 70 ಸಾವಿರ ತೀರಿಸಿ ಅವನ ಕೈಯಲ್ಲಿ ಉಳಿಯುವುದು 4 ಲಕ್ಷ 30 ಸಾವಿರ. ಅಂದರೆ ಒಂದು ವರ್ಷದ ಸಂತೋಷಕ್ಕೆ 13 ಲಕ್ಷ 42 ಸಾವಿರ, ತಿಂಗಳಿಗೆ ಒಂದು ಲಕ್ಷಕ್ಕೂ ಹೆಚ್ಚು. ರಸ್ತೆ ತೆರಿಗೆ, ವಿಮೆ, ಪೆಟ್ರೋಲು ಈ ಲೆಕ್ಕದಲ್ಲಿ ಸೇರಿಲ್ಲ. ಸಂಬಳದಾರನಿಗೆ ಸ್ವಂತ ಬಳಕೆಯ ಕಾರುಸಾಲದ ಬಡ್ಡಿಯ ಮೇಲೆ ಆದಾಯ ತೆರಿಗೆಯ ರಿಯಾಯಿತಿಯೂ ಇಲ್ಲ.

ಪರವೂರಿನಲ್ಲಿರುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಗುಜರಾತಿನಲ್ಲಿ ನೋಂದಾಯಿಸಿದ ವಾಹನವನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ ಅಲ್ಲಿ ಮರುನೋಂದಣಿ ಮಾಡಿಸಬೇಕು. ಆ ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. ದುಬಾರಿ ಕಾರುಗಳ ಜೀವಾವಧಿ ತೆರಿಗೆ ಕರ್ನಾಟಕದಲ್ಲಿ ದೇಶದಲ್ಲೇ ಭಾರವಾದವುಗಳ ಪೈಕಿ. ಎರಡು ವರ್ಷದಲ್ಲಿ ಬೆಂಗಳೂರಿಗೆ ವರ್ಗವಾಗುವ ಸಂಭವವಿರುವವರು ಇದನ್ನು ಮೊದಲೇ ಯೋಚಿಸುವುದು ಒಳ್ಳೆಯದು. ಕೇಂದ್ರ ಸರಕಾರದ ನೌಕರರು, ಬ್ಯಾಂಕ್ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯುಳ್ಳ ಖಾಸಗಿ ಸಂಸ್ಥೆಗಳ ನೌಕರರು ಮುಂತಾದವರಿಗೆ 2021ರಲ್ಲಿ ಬಂದ ಬಿ.ಎಚ್. ಸರಣಿಯ ನೋಂದಣಿ ಅನುಕೂಲಕರ. ಅದರಲ್ಲಿ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಬಹುದು, ವರ್ಗವಾದಾಗ ಮರುನೋಂದಣಿಯ ತೊಡಕಿಲ್ಲ.

ಜಾಮೀನಿನ ಸಹಿ

ಸಂಬಳ ಸಾಲದಾದಾಗ ಸಾಲಪತ್ರದಲ್ಲಿ ತಂದೆಯೋ ತಾಯಿಯೋ ಸಹ-ಸಾಲಗಾರರಾಗಿ ಅಥವಾ ಜಾಮೀನುದಾರರಾಗಿ ಸಹಿ ಮಾಡುವುದುಂಟು. ಮಗನ ಮೇಲಿನ ಮಮತೆಯಿಂದ ಹಾಕುವ ಈ ಸಹಿಯನ್ನು ಅನೇಕರು ಬರಿಯ ಔಪಚಾರಿಕತೆ ಎಂದು ತಿಳಿಯುತ್ತಾರೆ. ಅದು ಹಾಗಲ್ಲ. ಕಂತು ತಪ್ಪಿದರೆ ಸಾಲ ತೀರಿಸುವ ಹೊಣೆ ಮಗನಷ್ಟೇ ತಂದೆಗೂ ಇರುತ್ತದೆ. ನಿವೃತ್ತಿಯ ಹಣಕ್ಕೂ ಅದು ಕೈಯಿಕ್ಕಬಹುದು. ಕಾರು ತಂದೆಯ ಹೆಸರಿನಲ್ಲೇ ನೋಂದಣಿಯಾಗಿದ್ದರೆ ಅಪಘಾತದ ಪರಿಹಾರದ ಹೊಣೆಯೂ ಮಾಲೀಕನೆಂಬ ನೆಲೆಯಲ್ಲಿ ಅವರನ್ನು ತಟ್ಟುತ್ತದೆ. ಮಗನಿಗೆ ಇನ್ನೂ 18 ತುಂಬಿಲ್ಲದೆ ಅವನು ವಾಹನ ನಡೆಸಿ ಅಪರಾಧವಾದರೆ, 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಮಿನಂತೆ ಪಾಲಕನಿಗೋ ಮಾಲೀಕನಿಗೋ ಮೂರು ವರ್ಷದವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯಿಲ್ಲ.

ವೇಗ ಮತ್ತು ಶರೀರ

ಈಗ ಆರೋಗ್ಯದ ದೃಷ್ಟಿಯಿಂದ ವಿಷಯವನ್ನು ನೋಡೋಣ. ಜಗತ್ತಿನಲ್ಲಿ 5ರಿಂದ 29 ವರ್ಷದವರ ಮರಣಕ್ಕೆ ಮೊದಲ ಕಾರಣ ರೋಗವಲ್ಲ, ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತ ಸರಕಾರದ ವರದಿಯಂತೆ 2022ರಲ್ಲಿ ನಮ್ಮ ದೇಶದಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರು. ಇವರಲ್ಲಿ ಮೂರರಲ್ಲಿ ಇಬ್ಬರು 18ರಿಂದ 45ರ ವಯಸ್ಸಿನವರು. ಸತ್ತವರಲ್ಲಿ ಶೇಕಡಾ 70ಕ್ಕೂ ಹೆಚ್ಚು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಅದೇ ವರದಿ ದಾಖಲಿಸಿದೆ.

ಇದರ ಹಿಂದಿರುವುದು ಶಾಲೆಯಲ್ಲಿ ಕಲಿತ ಭೌತಶಾಸ್ತ್ರ. ವೇಗ ಇಮ್ಮಡಿಯಾದರೆ ಚಲಿಸುವ ವಸ್ತುವಿನ ಶಕ್ತಿ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಡಿಕ್ಕಿಯಲ್ಲಿ ಆ ಶಕ್ತಿಯನ್ನೆಲ್ಲ ಲೋಹ, ಎಲುಬು ಮತ್ತು ಮಿದುಳು ಹಂಚಿಕೊಳ್ಳಬೇಕು. ಕಣ್ಣು ಅಪಾಯವನ್ನು ಕಂಡು ಕಾಲು ಬ್ರೇಕನ್ನು ಒತ್ತಲು ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ ಹೊತ್ತಿಗೆ ಕಾರು 25 ಮೀಟರು ಸಾಗಿರುತ್ತದೆ. ಒಣರಸ್ತೆಯಲ್ಲಿ ಪೂರ್ಣ ನಿಲ್ಲಲು ಇನ್ನೂ ಸುಮಾರು 20 ಮೀಟರು ಬೇಕು. 140 ಕಿ.ಮೀ. ವೇಗದಲ್ಲಾದರೆ ಬ್ರೇಕು ಒತ್ತುವ ಮೊದಲೇ 58 ಮೀಟರು, ಅನಂತರ 110 ಮೀಟರು, ಒಟ್ಟು ಸುಮಾರು 168 ಮೀಟರು. ಎಷ್ಟೇ ಬೆಲೆಯ ಬ್ರೇಕಾದರೂ ಮೊದಲಿನ ಆ 58 ಮೀಟರುಗಳನ್ನು ಕಡಿಮೆ ಮಾಡಲಾರದು. ಏಕೆಂದರೆ ಅವು ಯಂತ್ರದವಲ್ಲ, ಮನುಷ್ಯನವು. ರಾತ್ರಿ ಹೆಡ್‌ಲೈಟಿನ ಬೆಳಕು ಮುಟ್ಟುವ ದೂರ ಇದಕ್ಕಿಂತ ಎಷ್ಟೋ ಕಡಿಮೆ ಇರಬಹುದು.

ವಯಸ್ಸಿನ ಪ್ರಶ್ನೆಯೂ ಇಲ್ಲಿ ಬರುತ್ತದೆ. ಪರಿಣಾಮವನ್ನು ತೂಗಿ ನೋಡುವ, ಉದ್ವೇಗಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆಂದು ವೈದ್ಯವಿಜ್ಞಾನ ಕಂಡುಕೊಂಡಿದೆ. ಕಣ್ಣು ಚುರುಕು, ಕೈ ಚುರುಕು, ವಿವೇಚನೆ ಮಾತ್ರ ಇನ್ನೂ ದಾರಿಯಲ್ಲಿರುವ ವಯಸ್ಸು ಅದು. ಜೊತೆಗೆ ಹಿಂದಿನ ಸೀಟಿನಲ್ಲಿ ಹುರಿದುಂಬಿಸುವ ಗೆಳೆಯರಿದ್ದರೆ ಅಪಾಯ ಇನ್ನೂ ಹೆಚ್ಚು.

ಇಸ್ಕಾನ್ ಮೇಲ್ಸೇತುವೆಯ ರಾತ್ರಿ

ಬೋಪಾಲದಿಂದ ನಗರಕ್ಕೆ ಬರುವವರೆಲ್ಲ ಬಲ್ಲ ಸ್ಥಳ ಸರ್ಖೇಜ್–ಗಾಂಧಿನಗರ ಹೆದ್ದಾರಿಯ ಇಸ್ಕಾನ್ ಮೇಲ್ಸೇತುವೆ. 2023ರ ಜುಲೈ 20ರ ನಸುಕಿಗೆ ಮೊದಲು, ರಾತ್ರಿ ಸುಮಾರು ಒಂದು ಗಂಟೆಗೆ ಅಲ್ಲಿ ಒಂದು ಜೀಪು ಮತ್ತು ಲಾರಿಯ ಅಪಘಾತವಾಗಿ ಜನ ಸೇರಿದ್ದರು, ಪೊಲೀಸರೂ ಬಂದಿದ್ದರು. ಆಗ ಇಪ್ಪತ್ತರ ವಯಸ್ಸಿನ ತರುಣನೊಬ್ಬ ನಡೆಸುತ್ತಿದ್ದ ಜಾಗ್ವಾರ್ ಕಾರು ಆ ಗುಂಪಿನ ಮೇಲೆ ಹರಿಯಿತು. ಕರ್ತವ್ಯದಲ್ಲಿದ್ದ ಪೊಲೀಸ್ ಪೇದೆ ಮತ್ತು ಗೃಹರಕ್ಷಕ ಸೇರಿ ಒಂಬತ್ತು ಮಂದಿ ಸತ್ತರು. ಕಾರಿನ ವೇಗ ಗಂಟೆಗೆ 140 ಕಿ.ಮೀ.ಗಿಂತ ಹೆಚ್ಚಿತ್ತೆಂಬುದು ವಿಧಿವಿಜ್ಞಾನ ಪರೀಕ್ಷೆಯ ಆಧಾರದ ಮೇಲೆ ಪೊಲೀಸರು ಮಾಡಿದ ಆರೋಪ. ತಪ್ಪು-ಒಪ್ಪುಗಳ ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು.

ಮೃತರಲ್ಲಿ ಹಲವರು ಬೋಟಾದ್, ಸುರೇಂದ್ರನಗರ ಮುಂತಾದ ಜಿಲ್ಲೆಗಳಿಂದ ಓದಿಗಾಗಿ, ಉದ್ಯೋಗಕ್ಕಾಗಿ ಅಹಮದಾಬಾದಿಗೆ ಬಂದಿದ್ದ ತರುಣರು. ಹುಬ್ಬಳ್ಳಿಯಿಂದಲೋ ಉಡುಪಿಯಿಂದಲೋ ಬಂದು ಇಲ್ಲಿ ನೆಲೆಸಿದ ಕುಟುಂಬಗಳಿಗೆ ಅವರ ತಂದೆ-ತಾಯಿಯರ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ. ಕಾರಿನ ಬೆಲೆಯನ್ನು ಕೊಟ್ಟವರು ಒಬ್ಬರು. ಅದರ ವೇಗದ ಬೆಲೆಯನ್ನು ತೆತ್ತವರು ಆ ಕಾರನ್ನು ಹಿಂದೆಂದೂ ಕಂಡಿರದ ಒಂಬತ್ತು ಮನೆಯವರು.

ಹಾನಿಗೆ ಕಾರು ಅಷ್ಟು ದುಬಾರಿಯೇ ಆಗಿರಬೇಕೆಂದಿಲ್ಲ. 2025ರ ಮಾರ್ಚ್ 13ರ ರಾತ್ರಿ ವಡೋದರಾದ ಕಾರೇಲಿಬಾಗ್ ಪ್ರದೇಶದಲ್ಲಿ ಕಾನೂನು ವಿದ್ಯಾರ್ಥಿಯೊಬ್ಬ ನಡೆಸುತ್ತಿದ್ದ ಸಾಮಾನ್ಯ ಸೆಡಾನ್ ಕಾರು ದ್ವಿಚಕ್ರ ವಾಹನಗಳಿಗೆ ಬಡಿದು ಒಬ್ಬ ಮಹಿಳೆ ಸತ್ತರು, ಹಲವರು ಗಾಯಗೊಂಡರು. ಹಾಗಾದರೆ ಕೌಶಲವಿದ್ದರೆ ಅಪಾಯವಿಲ್ಲವೇ? ಇದಕ್ಕೆ ಉತ್ತರವನ್ನು 2017ರ ಮಾರ್ಚ್ 18ರ ಘಟನೆ ಕೊಡುತ್ತದೆ. ರಾಷ್ಟ್ರಮಟ್ಟದ ಚಾಂಪಿಯನ್ ಪಟ್ಟ ಪಡೆದಿದ್ದ ಕಾರ್ ರೇಸ್ ಚಾಲಕ ಅಶ್ವಿನ್ ಸುಂದರ್ ಅಂದು ಚೆನ್ನೈ ನಗರದ ರಸ್ತೆಯಲ್ಲಿ ಬಿ.ಎಂ.ಡಬ್ಲ್ಯು. ಸ್ಪೋರ್ಟ್ಸ್ ಕಾರು ಮರಕ್ಕೆ ಬಡಿದು ಬೆಂಕಿ ಹೊತ್ತಿ ಪತ್ನಿಯೊಡನೆ ಸಾವಿಗೀಡಾದರು. ರೇಸ್ ಪಥದಲ್ಲಿ ತಡೆಗೋಡೆ, ಶಿರಸ್ತ್ರಾಣ, ಅಗ್ನಿಶಾಮಕರು, ವೈದ್ಯರು ಎಲ್ಲರೂ ಕಾದಿರುತ್ತಾರೆ. ರಸ್ತೆಯಲ್ಲಿ ಕಾದಿರುವುದು ಮರ.

ವಿಮೆ ಏನನ್ನು ಕೊಡುತ್ತದೆ, ಏನನ್ನು ಕೊಡಲಾರದು

‘ವಿಮೆ ಇದೆಯಲ್ಲ’ ಎಂಬ ಮಾತು ಸಾಮಾನ್ಯ. ಮೂರನೆಯವರ ಸಾವು-ನೋವಿಗೆ ವಿಮೆ ಕಡ್ಡಾಯ. ಪರಿಹಾರ ಕೊಡುವುದೂ ನಿಜ. ಸರ್ವೋಚ್ಚ ನ್ಯಾಯಾಲಯ 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಸೂತ್ರದಂತೆ, ತಿಂಗಳಿಗೆ 50,000 ಸಂಬಳದ 24 ವರ್ಷದ ಅವಿವಾಹಿತನೊಬ್ಬ ಕಾಯಂ ಅಲ್ಲದ, ನಿಗದಿತ ಸಂಬಳದ ನೌಕರಿಯಲ್ಲಿದ್ದು ಸತ್ತರೆ, ವಾರ್ಷಿಕ 6 ಲಕ್ಷಕ್ಕೆ ಭವಿಷ್ಯದ ಏಳಿಗೆಗೆಂದು ಶೇಕಡಾ 40 ಸೇರಿಸಿ, ಸ್ವಂತ ಖರ್ಚಿಗೆಂದು ಅರ್ಧ ಕಳೆದು, 18ರಿಂದ ಗುಣಿಸಬೇಕು. ಸುಮಾರು 75 ಲಕ್ಷ 60 ಸಾವಿರ ರೂಪಾಯಿ. ಆದಾಯ ತೆರಿಗೆಯ ಕಡಿತ ಮತ್ತು ಅಂತ್ಯಕ್ರಿಯೆ ಮುಂತಾದ ಸಣ್ಣ ಬಾಬುಗಳಿಂದ ಇದು ಕೊಂಚ ಏರಿಳಿಯಬಹುದು. ಒಬ್ಬ ಮಗನ ಬದುಕನ್ನು ಕಾನೂನು ಅಳೆಯುವುದು ಹೀಗೆ. ಚಾಲಕನಿಗೆ ಪರವಾನಗಿ ಇರದಿದ್ದರೆ ಅಥವಾ ಅವನು ಮದ್ಯಪಾನ ಮಾಡಿದ್ದರೆ, ವಿಮಾ ಸಂಸ್ಥೆ ಹಣವನ್ನು ಮೊದಲು ಕೊಟ್ಟು ಅನಂತರ ಮಾಲೀಕನಿಂದ ವಸೂಲು ಮಾಡುವಂತೆ ಆದೇಶವಾಗುವುದುಂಟು.

ಆದರೆ ಕ್ರಿಮಿನಲ್ ಮೊಕದ್ದಮೆಗೆ ವಿಮೆಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಹಿಂದೆ ಇದು ಎರಡು ವರ್ಷವಿತ್ತು. ಪ್ರಕರಣ ಇತ್ಯರ್ಥವಾಗುವವರೆಗೆ ಪಾಸ್‌ಪೋರ್ಟು, ವಿದೇಶದ ಉದ್ಯೋಗ, ಸರಕಾರಿ ನೌಕರಿ, ವಿವಾಹ ಎಲ್ಲದರ ಮೇಲೂ ಅದರ ನೆರಳು ಬೀಳುತ್ತದೆ. ತನ್ನ ಕೈಯಿಂದ ಒಂದು ಜೀವ ಹೋಯಿತೆಂಬ ಅರಿವಿಗಂತೂ ಯಾವ ಪಾಲಿಸಿಯೂ ಇಲ್ಲ.

ಕೊಳ್ಳಬಹುದು, ಆದರೆ ಯಾವಾಗ?

ಕರಾವಳಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಪ್ರತಿನಿಧಿ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನು ಸಂಗ್ರಹಿಸುತ್ತಿದ್ದ. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ ಆ ಯೋಜನೆಯ ತತ್ತ್ವ ಹಳೆಯದಾಗಿಲ್ಲ: ಮೊದಲು ಉಳಿಸು, ಅನಂತರ ಕೊಳ್ಳು. ಕಂತಿನ ಸಾಲ ಇದನ್ನು ತಲೆಕೆಳಗು ಮಾಡಿದೆ. ಮನೆಯ ಮಟ್ಟಿಗೆ ಇದು ಒಪ್ಪತಕ್ಕದ್ದು, ಏಕೆಂದರೆ ಸಾಮಾನ್ಯವಾಗಿ ಮನೆಯ ಮೌಲ್ಯ ಏರುತ್ತದೆ; ಕಾರಿನ ಮಟ್ಟಿಗೆ, ಅದೂ ಕೆಲಸಕ್ಕಲ್ಲದೆ ಸಂತೋಷಕ್ಕೆ ಕೊಳ್ಳುವ ಕಾರಿನ ಮಟ್ಟಿಗೆ, ಹಳೆಯ ಕ್ರಮವೇ ಲೇಸು.

25 ವರ್ಷದ ತರುಣಿಯೊಬ್ಬಳು ತಿಂಗಳಿಗೆ 64,356 ರೂಪಾಯಿಯ ಕಂತಿನ ಬದಲು 40,000 ರೂಪಾಯಿಯನ್ನು ಶೇಕಡಾ 6.5ರ ರೆಕರಿಂಗ್ ಠೇವಣಿಯಲ್ಲಿ ಐದು ವರ್ಷ ಹಾಕಿದಳೆನ್ನೋಣ. ಅವಳು ಕಟ್ಟುವುದು 24 ಲಕ್ಷ. ಕೈಗೆ ಬರುವುದು, ಬಡ್ಡಿಯ ಮೇಲಿನ ಆದಾಯ ತೆರಿಗೆಗೆ ಮುನ್ನ, ಸುಮಾರು 28 ಲಕ್ಷ. ಅಷ್ಟರಲ್ಲಿ ಇಂದಿನ ಆ 50 ಲಕ್ಷದ ಕಾರು ಮೇಲಿನ ಪಟ್ಟಿಯಂತೆ 25 ಲಕ್ಷಕ್ಕೆ ಇಳಿದಿರುತ್ತದೆ. ಸಾಲವಿಲ್ಲದೆ, ತಂದೆಯ ಸಹಿಯಿಲ್ಲದೆ, ಬಡ್ಡಿ ಕೊಡುವ ಬದಲು ಬಡ್ಡಿ ಪಡೆದು, ಅದೇ ಕಾರನ್ನು ಅವಳು ತನ್ನ 30ನೆಯ ವಯಸ್ಸಿನಲ್ಲಿ ಕೊಳ್ಳಬಲ್ಲಳು. ಆ ಐದು ವರ್ಷದಲ್ಲಿ ಸಾಧಾರಣ ಕಾರಿನಲ್ಲಿ ಸಾವಿರಾರು ಕಿ.ಮೀ. ಓಡಿಸಿದ ಅನುಭವವೂ ಕೂಡಿರುತ್ತದೆ. ಕಾಯುವುದರಿಂದ ಹಣ ಮತ್ತು ವಿವೇಚನೆ ಎರಡೂ ಒಟ್ಟಿಗೆ ಬೆಳೆಯುವ ಸಂದರ್ಭಗಳು ಬಾಳಿನಲ್ಲಿ ಹೆಚ್ಚಿಲ್ಲ. ಇದು ಅವುಗಳಲ್ಲಿ ಒಂದು.

ಆದ್ದರಿಂದ ಸ್ಪೋರ್ಟ್ಸ್ ಕಾರಿನ ಅಪೇಕ್ಷೆಯುಳ್ಳ ಯುವಜನರು ಕೆಳಗಿನ ಅಂಶಗಳನ್ನು ಪಾಲಿಸುವುದು ಶ್ರೇಯಸ್ಕರ :

1. ಆರು ತಿಂಗಳ ಮನೆಖರ್ಚು ಕೈಯಲ್ಲಿರಲಿ. ಕುಟುಂಬದ ಆರೋಗ್ಯ ವಿಮೆ, ಸ್ವಂತ ಜೀವವಿಮೆ ಮೊದಲು ಆಗಲಿ.

2. ಸಾಲ ಮಾಡಲೇಬೇಕಾದರೆ ಕಂತು ಕೈಗೆ ಬರುವ ಸಂಬಳದ ಆರನೆಯ ಒಂದು ಭಾಗವನ್ನು ಮೀರದಿರಲಿ; ಅವಧಿ ಐದು ವರ್ಷಕ್ಕೆ ಮೇಲಾಗದಿರಲಿ.

3. ಹಿರಿಯರ ನಿವೃತ್ತಿಯ ಹಣವನ್ನೂ ಅವರ ಜಾಮೀನನ್ನೂ ಈ ಸಂತೋಷಕ್ಕೆ ಬಳಸದಿರಲಿ.

4. ಮೊದಲ ಐದು ವರ್ಷ ಸಾಧಾರಣ ಕಾರನ್ನು ಓಡಿಸಿ ಕೈ ಕುದುರಲಿ. ಅನಂತರ ಕೊಳ್ಳುವುದಾದರೂ ಚೆನ್ನಾಗಿ ಪರೀಕ್ಷಿಸಿದ ಬಳಸಿದ ಕಾರನ್ನು ನೋಡಲಿ.

5. ವೇಗದ ರುಚಿ ಬೇಕೆನಿಸಿದರೆ ಚೆನ್ನೈ ಸಮೀಪದ ಇರುಂಗಾಟುಕೋಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ, ದೆಹಲಿ ಸಮೀಪದ ಬುದ್ಧ ಸರ್ಕ್ಯೂಟ್ ಇವೆ. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರು ಅಂತರರಾಷ್ಟ್ರೀಯ ರೇಸುಗಳಲ್ಲಿ ಹೆಸರು ಮಾಡಿದ್ದು ಬಾಲ್ಯದಿಂದ ಕಾರ್ಟಿಂಗ್ ಪಥಗಳಲ್ಲಿ ಪಳಗಿ. ಪೇಟೆಯ ರಸ್ತೆಯಲ್ಲಿ ಅಲ್ಲ.

6. ರಾತ್ರಿ ಹನ್ನೊಂದರ ನಂತರ ಗೆಳೆಯರೊಡನೆ ‘ಒಂದು ಸುತ್ತು’ ಹೊರಡುವ ಅಭ್ಯಾಸ ಬೇಡ. ಹಿಂದಿನ ಸೀಟಿನವರೂ ಬೆಲ್ಟು ಧರಿಸಲಿ. ಮೇಲ್ಸೇತುವೆಯ ಮೇಲೆ ಅಪಘಾತ ಕಂಡರೆ 108ಕ್ಕೆ ಕರೆಮಾಡಿ, ಸಂಚಾರದ ಪಥವನ್ನು ಬಿಟ್ಟು ದೂರ ನಿಲ್ಲಲಿ.

ತಂದೆ-ತಾಯಿಯರಿಗೂ ಒಂದು ಮಾತು ಸಲ್ಲುತ್ತದೆ. ಮಗ ಕಾರಿನ ಚಿತ್ರ ತೋರಿಸಿದಾಗ ‘ಬೇಡ’ ಎಂದು ಗದರುವುದರಿಂದ ಆಸೆ ಹೋಗುವುದಿಲ್ಲ. ಬೇರೆ ದಾರಿ ಹುಡುಕುತ್ತದೆ. ಅವನೊಡನೆ ಕಾಗದ-ಪೆನ್ಸಿಲು ಹಿಡಿದು ಕುಳಿತು, ಮುಂಗಡ, ಕಂತು, ಸವಕಳಿ, ವಿಮೆ ಎಂದು ನಾಲ್ಕು ಸಾಲು ಬರೆದು, ಐದನೆಯ ಸಾಲಿನಲ್ಲಿ ಇಸ್ಕಾನ್ ಮೇಲ್ಸೇತುವೆಯ ಒಂಬತ್ತು ಮಂದಿಯನ್ನು ನೆನೆಯುವುದು ಹೆಚ್ಚು ಪರಿಣಾಮಕಾರಿ. ಲೆಕ್ಕವನ್ನು ತಾನೇ ಕೂಡಿಸಿದ ತರುಣ ಐದು ವರ್ಷ ಕಾಯಲು ಒಪ್ಪುವ ಸಂಭವ ಹೆಚ್ಚು. ಪರವೂರಿನಲ್ಲಿ ದುಡಿದು ಬಾಳು ಕಟ್ಟಿಕೊಂಡಿರುವ ನಮ್ಮ ಸಮಾಜದ ಮಕ್ಕಳು ಮೆಚ್ಚಿದ ವಾಹನವನ್ನು ಏರಲಿ. ಪ್ರತಿ ರಾತ್ರಿಯೂ ಕ್ಷೇಮವಾಗಿ ಮನೆ ಸೇರಲಿ.